ಎಡಗೈ ನಿನ್ನದು, ಬಲಗೈ ನನ್ನದು

"ಇದನ್ನ ಪ್ರದರ್ಶನಕ್ಕೆ ಕೊಡೋಣ ಅಂತ ತಂದೆ..."

ಮೇಜಿನ ಮೇಲೆ ಒಂದು ಹಳೆಯ ವಿಡಿಯೋ ಗೇಮ್ ಕ್ಯಾಸೆಟ್ ಬಂದು ಕುಳಿತಿತು. ಅಂಗೈ ಅಗಲದ ಬೂದು ಬಣ್ಣದ ಡಬ್ಬಿ. ಅದರ ಮೂಲೆಯಲ್ಲಿ ಒಂದು ಚುಕ್ಕೆ ಕೆಂಪು ನೇಲ್ ಪಾಲಿಶ್.

ಆ ಚುಕ್ಕೆಯನ್ನು ನೋಡಿದ್ದೇ ತಡ, ಅವಳ ಕೈಯಲ್ಲಿದ್ದ ಪೆನ್ನು ನೆಲಕ್ಕೆ ಬಿತ್ತು.

ಅದನ್ನು ಇಟ್ಟವಳು ಅವಳೇ! ಹನ್ನೆರಡನೇ ವಯಸ್ಸಿನಲ್ಲಿ ಅಮ್ಮನ ನೇಲ್ ಪಾಲಿಶ್ ಕದ್ದು, 'ಇದು ನನ್ನದು, ಯಾರೂ ಮುಟ್ಟಬಾರದು' ಎಂದು ಇಟ್ಟಿದ್ದ ಗುರುತು ಅದು.

ನಿಧಾನವಾಗಿ ತಲೆ ಎತ್ತಿದಳು. ಎತ್ತರದ ಆಳು. ಮೊಣಕೈವರೆಗೆ ಮಡಚಿದ ಶರ್ಟು, ತೆಳ್ಳಗಿನ ಕನ್ನಡಕ. ಎಡ ಹುಬ್ಬನ್ನು ಎರಡಾಗಿ ಸೀಳಿದ ಒಂದು ಸಣ್ಣ ಕಲೆ.

ಆ ಕಲೆ ಮಾಡಿದವಳೂ ಅವಳೇ.

'ಸೋಡಾಬುಡ್ಡಿ! ಇಷ್ಟು ವರ್ಷ ಎಲ್ಲಿ ಸತ್ತಿದ್ದೆ ನೀನು?'

ಅವನೂ ಅವಳನ್ನೇ ನೋಡುತ್ತಿದ್ದ. ತುಟಿಯಂಚಿನಲ್ಲಿ ಒಂದು ಹೆದರಿಕೆಯ ನಗು.

"ಜೀರುಂಡೆ... ಅಲ್ವಾ?"

ಚಿಕ್ಕಂದಿನಲ್ಲಿ ಅವಳು ಬಾಯಿ ಮುಚ್ಚಿದ್ದನ್ನು ಯಾರೂ ಕಂಡವರಿಲ್ಲ. ಅದಕ್ಕೇ ಅವನು ಇಟ್ಟ ಹೆಸರು ಅದು. ಹದಿನೈದು ವರ್ಷದಿಂದ ಯಾರೂ ಹಾಗೆ ಕರೆದಿರಲಿಲ್ಲ. ಎದೆಯಲ್ಲಿ ಏನೋ ಅಲ್ಲಾಡಿತು. ಅವಳು ತಕ್ಷಣ ಅದರ ಕತ್ತು ಹಿಸುಕಿದಳು.

"ಜೀರುಂಡೆ ಅನ್ನೋರು ಇಲ್ಲಿ ಯಾರೂ ಇಲ್ಲ," ಎಂದಳು. "ನೀವು ಯಾವ ಕಾಲದವರು ಹೇಳಿ. ಕ್ಯಾಸೆಟ್ಟಾ, ಸಿಡಿನಾ, ಕೈಲಿ ಹಿಡ್ಕೊಂಡು ಆಡೋದಾ?"

ಆ 'ನೀವು' ಎಂಬ ಒಂದೇ ಮಾತಿಗೆ ಅವನ ನಗು ಆರಿಹೋಯಿತು. ಅವಳಿಗೆ ಒಳಗೊಳಗೇ ಹಬ್ಬ!

'ಇದು ಬರೀ ಶುರು ಕಣೋ...'

ಅವಳದು ನಗರದ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನ ಜೋಡಿಸುವ ಕೆಲಸ. ಈ ಸಲದ ಪ್ರದರ್ಶನದ ಹೆಸರು 'ನೀವು ಯಾವ ಗೇಮ್ ಆಡಿ ಬೆಳೆದವರು?' ಮೂರು ಕೋಣೆ. ಕ್ಯಾಸೆಟ್ ಹಾಕಿ ಆಡಿದವರಿಗೆ ಒಂದು, ಸಿಡಿ ಹಾಕಿ ಆಡಿದವರಿಗೆ ಒಂದು, ಬಸ್ಸಿನಲ್ಲಿ ಕೂತು ಅಂಗೈಯಲ್ಲೇ ಆಡಿದವರಿಗೆ ಒಂದು. ಬಂದವರೆಲ್ಲ ಬಾಗಿಲಲ್ಲೇ ತಮ್ಮ ಕಾಲದ ಬ್ಯಾಡ್ಜ್ ಚುಚ್ಚಿಕೊಳ್ಳಬೇಕು. ಕೆಂಪು, ನೀಲಿ, ಹಸಿರು. ಜನ ತಮ್ಮ ತಮ್ಮ ಮನೆಯ ಹಳೆಯ ವಸ್ತು ತಂದುಕೊಟ್ಟರೆ ಅದನ್ನೂ ಇಡುತ್ತಾರೆ.

ಅವನು ತಂದದ್ದು ಅವಳದೇ ವಸ್ತುವನ್ನು. ಮುಖದ ಮೇಲೆ ನಾಚಿಕೆ ಅನ್ನುವುದು ಒಂದು ಚೂರಾದರೂ ಬೇಡವೇ?

ಕೆಂಪು ಬ್ಯಾಡ್ಜ್ ತೆಗೆದು ಅವನ ಮುಂದೆ ತಳ್ಳಿದಳು.

"ಒಂದು ಸಲ ಆನ್ ಮಾಡಿ ನೋಡ್ತೀಯಾ?" ಅವನ ದನಿ ತಗ್ಗಿತು. "ಬರೀ ಎರಡು ನಿಮಿಷ. ನಿನಗೆ ಒಂದು ವಿಷಯ..."

"ಉದ್ಘಾಟನೆ ದಿನ ಎಲ್ಲರ ಮುಂದೆ ಆನ್ ಮಾಡ್ತೀವಿ. ಆಗ ಬನ್ನಿ."

"ನೀನೂ ಇರ್ತೀಯಾ?"

"ಅವತ್ತು ನಾನಿಲ್ಲದೆ ಇರ್ತೀನಾ!" ಎಂದಳು ಅವಳು. ಆ ಮಾತಿನಲ್ಲಿದ್ದ ವಿಷ ಪಾಪ ಅವನಿಗೆ ತಿಳಿಯಲಿಲ್ಲ.

ಅವಳ ಸಿಟ್ಟಿಗೆ ಕಾರಣವಿತ್ತು. ಸಣ್ಣ ಕಾರಣವೇನೂ ಅಲ್ಲ.

ಅವಳಿಗೆ ಹತ್ತು ವರ್ಷವಿದ್ದಾಗ ತಾತನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಸತ್ತುಹೋಯಿತು. ಬದುಕಿಡೀ ಸಸಿ ಮಾರುವ ನರ್ಸರಿ ನಡೆಸಿದ ಮನುಷ್ಯ, ಮೂರನೇ ಮಹಡಿಯ ಮನೆಯಲ್ಲಿ ಮಂಚದ ಮೇಲೆ ಗೋಡೆ ನೋಡುತ್ತಾ ಕೂತುಬಿಟ್ಟರು. ಯಾರ ಜೊತೆಗೂ ಮಾತಿಲ್ಲ.

ಒಂದು ದಿನ ಅವಳು ಟಿವಿ ಮುಂದೆ ಕೂತು ಆಡುತ್ತಿದ್ದಳು. ತೋಟ ಮಾಡುವ ಆಟ. ಟೋಪಿ ಹಾಕಿಕೊಂಡ ಒಬ್ಬ ಪುಟಾಣಿ ಮನುಷ್ಯ ಮಣ್ಣು ಅಗೆದು, ಬೀಜ ಹಾಕಿ, ನೀರು ಹೊಯ್ಯಬೇಕು.

"ಅಷ್ಟು ಹತ್ತಿರ ಹತ್ತಿರ ಕುಂಬಳ ನೆಡ್ತಾರೇನೇ ಕತ್ತೆ?" ಹಿಂದಿನಿಂದ ತಾತನ ದನಿ!

ಅವಳು ಓಡಿಹೋಗಿ ಅವರ ಪಕ್ಕ ಕೂತಳು. ರಿಮೋಟಿನ ಎಡಗಡೆ ಮನುಷ್ಯನನ್ನು ನಡೆಸುವ ಗುಂಡಿ, ಬಲಗಡೆ ಕೆಲಸ ಮಾಡಿಸುವ ಗುಂಡಿ. ಎಡ ತುದಿ ತಾತನ ಕೈಗೆ, ಬಲ ತುದಿ ಅವಳ ಕೈಗೆ.

"ಎಡಗೈ ನಂದು, ಬಲಗೈ ನಿಂದು," ಎಂದು ತಾತ ನಕ್ಕರು. "ಇಬ್ಬರೂ ಸೇರಿದ್ರೆ ಒಬ್ಬ ತೋಟಗಾರ."

ಎರಡು ವರ್ಷ ಹಾಗೇ ಆಡಿದರು. ಕುಂಬಳದ ಸಾಲು, ಬಾವಿ, ಬಾವಿಯ ಸುತ್ತ ಹೂವು, ಅದರಾಚೆ ಬೇಲಿ. ಇವರ ಹಿಂದೆ ಗೋಡೆಗೊರಗಿ ಕೂತು, ದಪ್ಪ ಕನ್ನಡಕ ಮೂಗಿನ ಮೇಲೆ ಏರಿಸಿಕೊಳ್ಳುತ್ತಾ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದವನು ಮೇಲಿನ ಮನೆಯ ಹುಡುಗ. ಸೋಡಾಬುಡ್ಡಿ.

ತಾತ ಹೋದರು. ತೋಟ ಉಳಿಯಿತು.

ಆಮೇಲೆ ಅವಳು ಆಡಲಿಲ್ಲ. ಶಾಲೆಯಿಂದ ಬಂದವಳೇ ಆನ್ ಮಾಡಿ ಸುಮ್ಮನೆ ನೋಡುತ್ತಿದ್ದಳು. ಯಾರೂ ಗುಂಡಿ ಒತ್ತದಿದ್ದರೆ ಆ ಪುಟಾಣಿ ಮನುಷ್ಯ ಬಾವಿಕಟ್ಟೆಯ ಮೇಲೆ ಕೂತು ತೂಕಡಿಸುತ್ತಿದ್ದ. ಥೇಟ್ ತಾತನ ಹಾಗೆ, ಗದ್ದ ಎದೆಗೆ ತಗಲುವವರೆಗೆ. ಅದನ್ನು ನೋಡಿ ಮುಗಿಸಿದ ಮೇಲೇ ಅವಳು ತಿಂಡಿಗೆ ಏಳುತ್ತಿದ್ದದ್ದು.

ಒಂದು ದಿನ ಆಟ ಅರ್ಧಕ್ಕೇ ನಿಂತುಹೋಯಿತು. ಮತ್ತೆ ಬಂತು, ಮತ್ತೆ ನಿಂತಿತು. ಅವಳಿಗೆ ಅಳುವೇ ಬಂತು.

"ಒಂದು ದಿನದ ಮಟ್ಟಿಗೆ ನಂಗೆ ಕೊಡು, ನೋಡ್ತೀನಿ," ಎಂದ ಸೋಡಾಬುಡ್ಡಿ. ರೇಡಿಯೋ ಬಿಚ್ಚಿ ಜೋಡಿಸುವ ಹುಚ್ಚು ಅವನಿಗೆ. ನಂಬಿ ಕೊಟ್ಟಳು.

ಮಾರನೆಯ ದಿನ ಮೆಟ್ಟಿಲು ಹಾರಿಕೊಂಡು ಮೇಲೆ ಹೋದಳು. ಬಾಗಿಲು ತೆರೆದೇ ಇತ್ತು. ಅವನು ಟಿವಿ ಮುಂದೆ ಕೂತು ಆಡುತ್ತಿದ್ದ. ಪರದೆಯ ತುಂಬ ಬರೀ ಬಯಲು! ಕುಂಬಳವಿಲ್ಲ, ಬಾವಿಯಿಲ್ಲ. ಹೊಸ ಆಟ ಶುರು ಮಾಡಿ, ತಾತನ ಮಣ್ಣಿನಲ್ಲಿ ಇವನು ತನ್ನ ಪಾತಿ ಅಗೆಯುತ್ತಿದ್ದಾನೆ!

"ತಾತ ಎಲ್ಲಿ?"

ಅವನ ಮುಖ ಬಿಳಿಚಿತು. "ಹೋಯ್ತು..." ಎಂದ. ಅಷ್ಟೇ.

ಅವಳು ಕ್ಯಾಸೆಟ್ಟನ್ನು ಕಿತ್ತು ಅವನ ಮುಖಕ್ಕೇ ಎಸೆದಳು. ಕನ್ನಡಕ ಒಡೆಯಿತು, ಹುಬ್ಬು ಸೀಳಿತು. "ಇಟ್ಕೋ! ನೀನೇ ಇಟ್ಕೊಂಡು ಸಾಯಿ!" ಎಂದು ಕಿರುಚಿ ಇಳಿದು ಬಂದವಳು ಮತ್ತೆ ಅವನ ಮುಖ ನೋಡಲಿಲ್ಲ. ಆ ತಿಂಗಳೇ ಅವನ ಅಪ್ಪನಿಗೆ ವರ್ಗವಾಗಿ ಅವರು ಮನೆ ಖಾಲಿ ಮಾಡಿದರು.

ಅಂದಿನಿಂದ ಅವಳು ಅವನನ್ನು ಒಂದು ದಿನವೂ ಮರೆತಿಲ್ಲ. ಮದುವೆಗೆಂದು ನೋಡಲು ಬಂದ ಗಂಡುಗಳ ಮುಖ ವಾರದಲ್ಲಿ ಮರೆತುಹೋಗುತ್ತಿತ್ತು. ಇವನ ಮುಖ ಮಾತ್ರ ಹಾಗೇ ಇತ್ತು. ದ್ವೇಷಕ್ಕಾದರೂ ಇಷ್ಟು ನಿಷ್ಠೆ ಯಾರು ತೋರಿಸುತ್ತಾರೆ ಹೇಳಿ!

ಸೇಡಿನ ಕೆಲಸ ಮರುದಿನವೇ ಶುರುವಾಯಿತು.

ಮೊದಲು ಅವನ ಕ್ಯಾಸೆಟ್ಟಿಗೆ ಜಾಗ. ಎಲ್ಲರದೂ ಗಾಜಿನ ಕಪಾಟಿನಲ್ಲಿ. ಅವನದು ಶೌಚಾಲಯಕ್ಕೆ ಹೋಗುವ ದಾರಿಯ ಮೂಲೆಯಲ್ಲಿ, ಒಂದು ಹಳೇ ಟಿವಿಯ ಜೊತೆ.

"ಅಲ್ಲಮ್ಮ, ಅಲ್ಲಿ ಯಾರು ನೋಡ್ತಾರೆ?" ಎಂದ ವೈರಿಂಗ್ ಮಾಮ. ಮ್ಯೂಸಿಯಮ್ಮಿನ ಎಲೆಕ್ಟ್ರಿಷಿಯನ್ನು ಅವನು, ಎಲ್ಲರಿಗೂ ಮಾಮ.

"ಅರ್ಜೆಂಟಿದ್ದೋರು ನೋಡ್ತಾರೆ ಮಾಮ."

ಸೋಡಾಬುಡ್ಡಿಯನ್ನು ಫೋನ್ ಮಾಡಿ ಕರೆಸಿದಳು, ಬಂದ ಮೇಲೆ ಕಾಯಿಸಿದಳು. ಟಿವಿ ಹೊರಿಸಿದಳು. "ಇಲ್ಲಲ್ಲ, ಅಲ್ಲಿಡಿ" ಎಂದಳು. ಅಲ್ಲಿಟ್ಟ ಮೇಲೆ "ಬೇಡ, ಮೊದಲಿದ್ದ ಜಾಗದಲ್ಲೇ ಇರಲಿ" ಎಂದಳು. ಅವನು ತುಟಿಪಿಟಕ್ಕೆನ್ನದೆ ಹೊತ್ತ. ಬೆವರಿದ ಕನ್ನಡಕ ಒರೆಸಿಕೊಂಡು, "ಇನ್ನೇನಾದ್ರೂ ಇದೆಯಾ?" ಎಂದು ಕೇಳಿದ. ಇವಳಿಗೆ ಇನ್ನಷ್ಟು ಉರಿಯಿತು. ತಪ್ಪು ಮಾಡಿದವನು ಒಂದಿಷ್ಟು ರೇಗಬಾರದೇ? ಆಗ ತಾನೇ ಸೇಡಿಗೆ ರುಚಿ!

"ನೀವು ಏನು ಕೆಲಸ ಮಾಡೋದು?" ಕೇಳಬಾರದೆಂದುಕೊಂಡೇ ಕೇಳಿದಳು.

"ಕನ್ನಡಕದ ಅಂಗಡಿ."

"ಕನ್ನಡಕದ...?"

"ನೀನು ಒಡೆದ ಕನ್ನಡಕ ನಾನೇ ರಿಪೇರಿ ಮಾಡೋಕೆ ಕೂತೆ. ಅಪ್ಪಂಗೆ ಹೇಳೋಕೆ ಹೆದರಿಕೆ ನೋಡು. ಅದೇ ಕಸುಬಾಗಿಹೋಯ್ತು."

ಅವಳಿಗೆ ನಗು ಬಂತು. ಕೆನ್ನೆಯ ಒಳಭಾಗ ಕಚ್ಚಿ ಹಿಡಿದಳು.

ಪ್ರದರ್ಶನಕ್ಕೆ ಎರಡು ದಿನವಿರುವಾಗ ಎಲ್ಲ ಸೆಟ್ಟುಗಳನ್ನು ಆಡಿ ನೋಡಬೇಕಿತ್ತು. ಗುದ್ದಾಡುವ ಆಟ, ಇಬ್ಬರು ಬೇಕು. ಅವನಿಗೆ ಅವಳು ಆರಿಸಿ ಕೊಟ್ಟದ್ದು ಎಡಗಡೆಯ ಗುಂಡಿ ಹೂತುಹೋದ ರಿಮೋಟನ್ನು. ಮೂರು ಆಟ, ಮೂರರಲ್ಲೂ ಅವನು ನೆಲಕ್ಕೆ! ವೈರಿಂಗ್ ಮಾಮ ಚಪ್ಪಾಳೆ ತಟ್ಟಿ ನಕ್ಕ.

ರಿಮೋಟ್ ವಾಪಸ್ ಕೊಡುತ್ತಾ ಅವನು ಮೆಲ್ಲಗೆ ಹೇಳಿದ, "ಎಡಗಡೆ ಗುಂಡಿ ಕೆಲಸ ಮಾಡಲ್ಲ."

"ಆಡುವಾಗ ಯಾಕೆ ಹೇಳಲಿಲ್ಲ?"

"ಆಗ ನಿಮ್ಮನೇಲಿ ಆಡುವಾಗ್ಲೂ ನಂಗೆ ಯಾವಾಗಲೂ ಇಂಥದ್ದನ್ನೇ ಕೊಡ್ತಿದ್ದೆ. ಅಭ್ಯಾಸ ಇದೆ." ರಿಮೋಟಿನ ವೈರು ಸುತ್ತಿಟ್ಟ. "ಗೆದ್ದಾಗ ನೀನು ನಗೋದು ನೋಡೋಕೆ ಚೆನ್ನಾಗಿರುತ್ತೆ."

ಅವಳ ಕಿವಿ ಬಿಸಿಯಾಯಿತು. 'ಏಯ್ ಮನಸೇ... ತಾತನನ್ನು ಅಳಿಸಿದವನು ಇವನು. ಮರೆತೆಯಾ? ಇಷ್ಟಕ್ಕೇ ಕರಗಿಬಿಟ್ಟೆಯಾ?'

ಕರಗುತ್ತಿರುವುದು ಗೊತ್ತಾದಾಗಲೇ ಅವಳು ದೊಡ್ಡ ಸೇಡಿಗೆ ಕೈ ಹಾಕಿದ್ದು.

ಉದ್ಘಾಟನೆಯ ಹಿಂದಿನ ಮಧ್ಯಾಹ್ನ. ಎಲ್ಲರೂ ಊಟಕ್ಕೆ ಹೋಗಿದ್ದರು. ಅವಳು ಶೌಚಾಲಯದ ದಾರಿಯ ಮೂಲೆಗೆ ಬಂದು ನೆಲದ ಮೇಲೆ ಕೂತಳು.

ಈ ಆಟದ್ದೊಂದು ಗುಟ್ಟಿದೆ, ಕ್ಯಾಸೆಟ್ ಕಾಲದವರಿಗೆ ಮಾತ್ರ ಗೊತ್ತು. ರಿಮೋಟಿನ ನಡುವಿನ ಎರಡು ಸಣ್ಣ ಗುಂಡಿ ಒಟ್ಟಿಗೆ ಒತ್ತಿ ಹಿಡಿದು ಸ್ವಿಚ್ ಹಾಕಿದರೆ, ಒಳಗೆ ಉಳಿಸಿಟ್ಟದ್ದೆಲ್ಲ ಒಂದೇ ಏಟಿಗೆ ಅಳಿಸಿಹೋಗುತ್ತದೆ. ಚಿಕ್ಕಂದಿನಲ್ಲಿ ಆ ಎರಡು ಗುಂಡಿಗೆ ಒಟ್ಟಿಗೆ ಬೆರಳು ತಾಗೀತೆಂದು ಅವಳು ಎಷ್ಟು ಹೆದರುತ್ತಿದ್ದಳು!

ನಾಳೆ ಇವನು ಎಲ್ಲರೆದುರು ಹೆಮ್ಮೆಯಿಂದ ಬಂದು ನಿಲ್ಲುತ್ತಾನೆ. ಸ್ವಿಚ್ ಹಾಕುತ್ತಾನೆ. ಬರೀ ಬಯಲು ಕಾಣುತ್ತದೆ. ಅಂದು ನಾನು ನೋಡಿದ್ದನ್ನು ಇವನೂ ನೋಡಲಿ. ಅಂದು ನನಗೆ ಆದದ್ದು ಇವನಿಗೂ ಆಗಲಿ!

ಒಳಗೆ ಏನಿದೆ ಎಂದು ಒಮ್ಮೆ ನೋಡೋಣವೇ? ಬೇಡ. ತಾತನ ಮಣ್ಣಿನಲ್ಲಿ ಇವನು ಏನೇನು ಬೆಳೆದುಕೊಂಡಿದ್ದಾನೋ, ನೋಡಿದರೆ ಹೊಟ್ಟೆ ಇನ್ನೂ ಉರಿಯುತ್ತದೆ.

ಎರಡೂ ಗುಂಡಿ ಒತ್ತಿ ಹಿಡಿದಳು. ಸ್ವಿಚ್ ಹಾಕಿದಳು.

ಟಿಂಗ್ ಎಂದು ಒಂದು ಸಣ್ಣ ಸದ್ದು. ಅಷ್ಟೇ.

ಹದಿನೈದು ವರ್ಷ ಕಾದ ಸೇಡು... ಇಷ್ಟು ಬೇಗ ಮುಗಿದುಹೋಯಿತೇ? ಎದೆ ತಣ್ಣಗಾಗಬೇಕಿತ್ತು. ಯಾಕೋ ಕೈ ಮಾತ್ರ ತಣ್ಣಗಾಗಿತ್ತು.

ಉದ್ಘಾಟನೆಯ ದಿನ ಮ್ಯೂಸಿಯಮ್ಮಿನಲ್ಲಿ ಕಾಲಿಡಲು ಜಾಗವಿಲ್ಲ.

"ಕ್ಯಾಸೆಟ್ಟಿನ ಬಾಯಿಗೆ ಊದಿ ಊದಿ ಎದೆ ಗಟ್ಟಿ ಮಾಡ್ಕೊಂಡೋರು ನಾವು!" ಕೆಂಪು ಬ್ಯಾಡ್ಜಿನ ಒಬ್ಬ ದೊಡ್ಡ ಹೊಟ್ಟೆಯವರು ಎದೆ ತಟ್ಟಿಕೊಂಡರು.

"ಊದೋದಲ್ಲ ರೀ ಸಾಹಸ. ಗೀರು ಬಿದ್ದ ಸಿಡಿನ ಸೆರಗಲ್ಲಿ ಒರೆಸಿ ಓಡಿಸ್ತಿದ್ವಲ್ಲ, ಅದು!" ನೀಲಿ ಬ್ಯಾಡ್ಜಿನ ಅವರ ಹೆಂಡತಿ ಬಿಡಲಿಲ್ಲ. ಅವರ ಮಗಳು ರಿಮೋಟ್ ಎತ್ತಿ ತಿರುಗಿಸಿ ನೋಡಿ, "ಇದಕ್ಕೆ ಯಾಕೆ ಬಾಲ ಇದೆ?" ಎಂದು ಕೇಳಿದಳು. ವೈರು ಕಂಡೇ ಗೊತ್ತಿಲ್ಲ ಅದಕ್ಕೆ!

ಅವನು ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಮೇಲೆ ಕೆಂಪು ಬ್ಯಾಡ್ಜ್. ಅವಳು ದೂರದಿಂದಲೇ ನೋಡಿದಳು. ಬೇಟೆ ತಾನಾಗಿ ಬಲೆಯ ಕಡೆ ನಡೆಯುತ್ತಿತ್ತು.

ಅವನ ಹಿಂದೆಯೇ ಅವಳೂ ಮೂಲೆಯ ಟಿವಿಯ ಹತ್ತಿರ ಬರುವಷ್ಟರಲ್ಲಿ ಹಿಂದಿನಿಂದ ಅಮ್ಮನ ದನಿ. ಪ್ರದರ್ಶನ ನೋಡಲು ಅಮ್ಮನೂ ಬಂದಿದ್ದರು.

"ಅಯ್ಯೋ, ಮೇಲಿನ ಮನೆ ಹುಡುಗ ಅಲ್ವೇನಪ್ಪಾ ನೀನು? ಎಷ್ಟೆತ್ತರ ಆಗಿದೀಯೋ!"

"ಆಂಟೀ!" ಅವನು ಬಗ್ಗಿ ಅಮ್ಮನ ಎರಡೂ ಕೈ ಹಿಡಿದುಕೊಂಡ.

"ಆಯ್ತೇನೋ ನಮ್ಮ ಮಾವನ ತೋಟ? ಮನೆ ಖಾಲಿ ಮಾಡೋ ಮುಂಚೆ ಇವಳಿಲ್ಲದ ಹೊತ್ತು ನೋಡಿ ದಿನಾ ಬಂದು ಪ್ರಾಣ ತಿಂತಿದ್ದೆಯಲ್ಲ. ಬಾವಿ ಯಾವ ಕಡೆ ಇತ್ತು ಆಂಟಿ, ಹೂವು ಎಷ್ಟು ಸಾಲಿತ್ತು ಆಂಟಿ ಅಂತ."

ಅವಳ ಕಾಲು ಅಲ್ಲೇ ನಿಂತಿತು.

"ಏನಮ್ಮಾ? ಯಾವ ತೋಟ?"

"ಅದೇ ಕಣೇ, ತಾತನ ಆಟದ್ದು. ಅಳಿಸಿಹೋಯ್ತು, ಮತ್ತೆ ಹಾಗೇ ನೆಟ್ಟು ಕೊಡ್ತೀನಿ, ಅಲ್ಲಿವರೆಗೆ ಅವಳಿಗೆ ಹೇಳಬೇಡಿ ಅಂದಿದ್ದ. ಆಮೇಲೆ ಅವರು ಹೋದ್ರು, ನಂಗೂ ಮರೆತೇಹೋಯ್ತು. ಆಟದ ವಿಷಯ ನಂಗೇನು ತಿಳೀಬೇಕು?"

ಅವನು ಅವಳ ಕಡೆ ತಿರುಗಿದ. ಇಷ್ಟು ದಿನ ಅವಳು ಹೇಳಲು ಬಿಡದ ಮಾತು ಈಗ ತಾನೇ ಹೊರಗೆ ಬಂತು.

"ಅದರೊಳಗೆ ಒಂದು ಪುಟ್ಟ ಬ್ಯಾಟರಿ ಇರುತ್ತೆ. ಉಳಿಸಿದ್ದೆಲ್ಲ ಅದರ ಮೇಲೇ ನಿಂತಿರುತ್ತೆ. ಅದು ಸಾಯ್ತಾ ಇದೆ ಅನ್ನಿಸ್ತು. ಹೊಸದು ಹಾಕಿದ್ರೆ ನಿಮ್ಮ ತಾತನ ತೋಟ ಇನ್ನೂ ಎಷ್ಟೋ ವರ್ಷ ಇರುತ್ತೆ, ನಿಂಗೆ ಖುಷಿ ಆಗುತ್ತೆ ಅಂದ್ಕೊಂಡೆ. ಹಳೇದು ಬಿಚ್ಚಿದ ತಕ್ಷಣ ಎಲ್ಲಾ ಹೋಗುತ್ತೆ ಅಂತ... ನಂಗೆ ಗೊತ್ತಿರಲಿಲ್ಲ ಕಣೆ. ಹದಿಮೂರು ವರ್ಷ ನಂಗೆ."

"ಮತ್ತೆ ಅವತ್ತು... ನೀನು ಅಗೀತಾ ಇದ್ದದ್ದು?"

"ಮೊದಲನೇ ಕುಂಬಳದ ಪಾತಿ. ನೀನು ಬರೋದ್ರೊಳಗೆ ಆಗಿಬಿಡುತ್ತೆ ಅಂದ್ಕೊಂಡಿದ್ದೆ. ಪೆದ್ದ!"

"ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ಅಳಿಸಿದ್ದು ನಾನೇ ತಾನೇ?" ಕ್ಯಾಸೆಟ್ಟಿನ ಮೇಲಿನ ಕೆಂಪು ಚುಕ್ಕೆಯನ್ನು ಅವನು ಹೆಬ್ಬೆರಳಿನಿಂದ ಸವರಿದ. "ನಿಧಾನಕ್ಕೆ ನೆಟ್ಟೆ. ಎಷ್ಟೋ ಸಲ ಕಿತ್ತು ಮತ್ತೆ ನೆಟ್ಟೆ. ಈಗ ಹಾಗೇ ಇದೆ. ಅವರು ಬಾವಿಕಟ್ಟೆ ಮೇಲೆ ಕೂತು ತೂಕಡಿಸ್ತಾರೆ. ಈ ಬ್ಯಾಟರಿಗೂ ವಯಸ್ಸಾಯ್ತು. ಪ್ರದರ್ಶನದ ಸುದ್ದೀಲಿ ನಿನ್ನ ಹೆಸರು ನೋಡ್ದೆ, ಇದು ಹೋಗೋ ಮುಂಚೆ ನೀನು ಒಂದು ಸಲ ನೋಡ್ಲಿ ಅಂತ ತಂದೆ. ನೋಡ್ತೀಯಾ?"

'ಬೇಡ... ಹಾಕಬೇಡ... ದಯವಿಟ್ಟು ಹಾಕಬೇಡ!'

ಅವಳು ಕೈ ಚಾಚುವಷ್ಟರಲ್ಲಿ ಅವನು ಸ್ವಿಚ್ ಹಾಕಿದ.

ಬಯಲು.

ಪರದೆಯ ತುಂಬ ಬರೀ ಬಯಲು. ನಡುವೆ ಟೋಪಿಯ ಪುಟಾಣಿ ಮನುಷ್ಯ ಕೂರಲು ಒಂದು ಕಟ್ಟೆಯೂ ಇಲ್ಲದೆ ನಿಂತಿದ್ದ.

ಅವನು ಆಫ್ ಮಾಡಿದ. ಮತ್ತೆ ಹಾಕಿದ. ಕ್ಯಾಸೆಟ್ ತೆಗೆದು ಊದಿ ಮತ್ತೆ ಹಾಕಿದ.

"ಬ್ಯಾಟರಿ... ಹೋಗಿರಬೇಕು." ಅವನ ದನಿ ಒಡೆಯಿತು. "ಇಲ್ಲಿಗೆ ತರೋ ದಿನ ಮನೇಲಿ ಇತ್ತು. ದಾರೀಲಿ ಅಲ್ಲಾಡಿತೋ ಏನೋ. ಎರಡನೇ ಸಲವೂ ನಾನೇ... ಕ್ಷಮಿಸು ಜೀರುಂಡೆ. ನಾನು ಇದನ್ನ ಮುಟ್ಟಲೇಬಾರದಿತ್ತು."

ಅವಳು ಬಯಸಿದ್ದ ಮುಖ ಇದೇ ಅಲ್ಲವೇ? ಹದಿನೈದು ವರ್ಷದಿಂದ ಕನಸಿನಲ್ಲಿ ಕಂಡಿದ್ದ ಮುಖ. ಈಗ ಕಣ್ಣೆದುರೇ ಇದೆ, ನೋಡಲಾಗುತ್ತಿಲ್ಲ!

ಸುಮ್ಮನಿದ್ದರೆ ಸಾಕಿತ್ತು. 'ಹೌದು, ಬ್ಯಾಟರಿ' ಎಂದುಬಿಟ್ಟರೆ ಮುಗಿಯಿತು. ಅವಳು ಮಾಡಿದ್ದು ಯಾರಿಗೂ ತಿಳಿಯುವುದಿಲ್ಲ. ಅವನೇ ಕ್ಷಮೆ ಕೇಳುತ್ತಿದ್ದಾನೆ. ಅವಳು ದೊಡ್ಡ ಮನಸ್ಸು ಮಾಡಿ ಕ್ಷಮಿಸಬಹುದು, ಇಬ್ಬರೂ ಹೊರಗೆ ಹೋಗಿ ಕಾಫಿ ಕುಡಿಯಬಹುದು. ಎಷ್ಟು ಸುಲಭ!

"ಬ್ಯಾಟರಿ ಅಲ್ಲ," ಎಂದಳು.

ಅವನು ತಲೆ ಎತ್ತಿದ.

"ನಾನು. ನಿನ್ನೆ ಮಧ್ಯಾಹ್ನ. ಎರಡು ಗುಂಡಿ ಒತ್ತಿ ಹಿಡಿದು... ನಾನೇ ಅಳಿಸಿದೆ. ನಿನಗೆ ಹೀಗೇ ಆಗಲಿ ಅಂತ ಬೇಕಂತಲೇ ಮಾಡಿದೆ. ಒಳಗೇನಿದೆ ಅಂತ ನೋಡಲೂ ಇಲ್ಲ."

"ಏನೇ ಮಾಡಿದೆ ನೀನು..." ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

ಅವನು ಕನ್ನಡಕ ತೆಗೆದ. ಒರೆಸಿದ, ಒರೆಸುತ್ತಲೇ ಇದ್ದ. ಕನ್ನಡಕವಿಲ್ಲದ ಆ ಕಣ್ಣು ಹದಿಮೂರು ವರ್ಷದ ಹುಡುಗನದಾಗಿತ್ತು.

"ಬೈಯೋ! ಏನಾದ್ರೂ ಅನ್ನು! ಅದನ್ನ ತಗೊಂಡು ನನ್ನ ಮುಖಕ್ಕೆ ಎಸಿ!"

"ಒಂದು ಸಲ ನೋಡ್ಬಿಟ್ಟು ಅಳಿಸಬಹುದಿತ್ತು," ಎಂದ ಅವನು ಮೆಲ್ಲಗೆ. ಕನ್ನಡಕ ಹಾಕಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದ.

ಅಮ್ಮ ಅವಳ ಭುಜ ಮುಟ್ಟಿದರು. ಅವಳು ಅಲುಗಾಡಲಿಲ್ಲ.

ಆ ಆಟದೊಳಗೆ ತಾತ ಎರಡು ಸಲ ಸತ್ತರು. ಎರಡನೆಯ ಸಲ ಕೊಂದದ್ದು ನಾನು. ಅದೂ ಅವರನ್ನು ನನ್ನಷ್ಟೇ ಪ್ರೀತಿಯಿಂದ ಕಾಪಾಡಿಕೊಂಡು ಬಂದಿದ್ದವನ ಕೈಯಿಂದ ಕಿತ್ತುಕೊಂಡು.

ಅಳು ಬರುತ್ತಿತ್ತು. ಅಳುತ್ತಾ ಕೂತರೆ ಏನು ಬಂತು? ಅವಳು ಮೂಗೊರೆಸಿಕೊಂಡು ಶೌಚಾಲಯದ ದಾರಿಯ ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ರಿಮೋಟ್ ಎತ್ತಿಕೊಂಡಳು. ಅಗೆಯತೊಡಗಿದಳು.

ಹೋಗುವವರು ಬರುವವರು ಅವಳ ಕಾಲು ದಾಟಿಕೊಂಡು ಹೋದರು. ವೈರಿಂಗ್ ಮಾಮ ಟೀ ತಂದಿಟ್ಟ, ಅದು ಆರಿಹೋಯಿತು. ಎಲ್ಲಿತ್ತು ಮೊದಲ ಪಾತಿ? ಕಲ್ಲಿನ ಪಕ್ಕವೇ? ದಿನಾ ನೋಡಿದ್ದಳು. ಆದರೆ ನೋಡಿದ್ದು ತೂಕಡಿಸುವ ತಾತನನ್ನು, ತೋಟವನ್ನಲ್ಲ. ಹೂವು ಮೂರು ಸಾಲೋ ನಾಲ್ಕೋ? ನೆಟ್ಟಳು, ಕಿತ್ತಳು, ಮತ್ತೆ ನೆಟ್ಟಳು. ಕಣ್ಣೀರಿನಲ್ಲಿ ಪರದೆಯೇ ಕಾಣುತ್ತಿರಲಿಲ್ಲ.

"ಕುಂಬಳ ಅಲ್ಲಿ ಅಲ್ಲ."

ಕೈ ನಿಂತಿತು.

ಬಾಗಿಲ ಹತ್ತಿರ ಅವನು ನಿಂತಿದ್ದ. ಬಯಲಿನ ನಡುವೆ ಒಂದೇ ಒಂದು ಪಾತಿ ಅಗೆದುಕೊಂಡು ಕೂತ ಅವಳನ್ನೇ ನೋಡುತ್ತಿದ್ದ. ಅಂದು ಬಾಗಿಲಲ್ಲಿ ಅವಳು ನಿಂತಿದ್ದಳು, ಟಿವಿ ಮುಂದೆ ಅವನಿದ್ದ.

"ಎಸೆಯೋಕೆ ಬಂದ್ಯಾ?" ಎಂದಳು ತಿರುಗದೆ. "ಎಸಿ. ಎಡ ಹುಬ್ಬು ಇದೆ."

"ಅರ್ಧ ದಾರಿವರೆಗೂ ಹೋದೆ. ತುಂಬ ಸಿಟ್ಟು ಬಂದಿತ್ತು. ಈಗಲೂ ಇದೆ."

"ಇರಲಿ. ಎಷ್ಟು ದಿನ ಬೇಕಾದ್ರೂ ಇಟ್ಕೋ. ನಾನು ಹದಿನೈದು ವರ್ಷ ಇಟ್ಕೊಂಡಿದ್ದೆ."

"ನಿನ್ನಷ್ಟು ತಾಳ್ಮೆ ನನಗಿಲ್ಲ ಕಣೆ." ಅವನು ಬಂದು ಪಕ್ಕದಲ್ಲಿ ನೆಲದ ಮೇಲೇ ಕೂತ. "ಅಲ್ಲಿಂದ ನಾಲ್ಕು ಹೆಜ್ಜೆ ಮೇಲೆ. ಕಲ್ಲಿನ ಎಡಕ್ಕೆ. ನಿಮ್ಮ ತಾತ ಕುಂಬಳಕ್ಕೆ ಬಳ್ಳಿ ಹರಿಯೋಕೆ ಜಾಗ ಬಿಡ್ತಿದ್ರು."

"ನಿಂಗೆ ಎಲ್ಲಾ ನೆನಪಿದೆಯಾ?"

"ನೀನು ಅವರನ್ನ ನೋಡ್ತಿದ್ದೆ, ಅವರು ತೋಟ ನೋಡ್ತಿದ್ರು." ಅವನ ಕಿವಿ ಕೆಂಪಾಯಿತು. "ನಾನು ಮೂರನ್ನೂ ನೋಡ್ತಿದ್ದೆ. ಒಂದನ್ನ ಸ್ವಲ್ಪ ಜಾಸ್ತಿ."

ಅವಳು ತಿರುಗಿದಳು. ಕಣ್ಣು, ಮೂಗು ಎಲ್ಲ ಕೆಂಪು.

"ಸೋಡಾಬುಡ್ಡಿ... ನಾನು ಇಷ್ಟು ವರ್ಷ ದಿನಾ ನಿನ್ನ ಬೈತಿದ್ದೆ. ಬೈಯೋ ನೆಪದಲ್ಲಿ ದಿನಾ ನಿನ್ನನ್ನೇ ನೆನೆಸ್ಕೊಳ್ತಿದ್ದೆ. ಇವತ್ತು ನೀನು ಎದ್ದು ಹೋದಾಗ ಗೊತ್ತಾಯ್ತು. ಬೈಯೋಕಾದ್ರೂ ಸರಿ, ನೀನು ನಂಗೆ ಬೇಕು."

ಅವನು ಕೈಚಾಚಿ ರಿಮೋಟಿನ ಎಡ ತುದಿ ಹಿಡಿದ. ಬಲ ತುದಿ ಅವಳ ಕೈಯಲ್ಲೇ ಇತ್ತು.

"ಎಡಗೈ ನಿನ್ನದು..." ಎಂದಳು ಅವಳು. "ಬಲಗೈ ನನ್ನದು."

ಅವನು ನಡೆಸಿದ, ಅವಳು ಅಗೆದಳು. ಕೋಣೆಯಲ್ಲಿ ಜನ ಕಡಿಮೆಯಾಗುತ್ತಾ ಬಂದರು. ಅಮ್ಮ ದೂರದ ಬೆಂಚಿನ ಮೇಲೆ ಕೂತು ಏನೂ ಕಾಣದವರಂತೆ ಬೇರೆ ಕಡೆ ನೋಡುತ್ತಿದ್ದರು. ಕುಂಬಳದ ಒಂದು ಸಾಲಾಯಿತು. ಬಾವಿಯಾಯಿತು. ಬೇಲಿಗೆ ಗೂಟ ನೆಡುತ್ತಾ ಬಾವಿಯ ಹತ್ತಿರ ಬಂದಾಗ ಅವನು ನಿಲ್ಲಿಸಿದ.

"ಇಲ್ಲಿ ಒಂದು ಗೂಟದಷ್ಟು ಜಾಗ ಖಾಲಿ ಇತ್ತು. ತಾತಂಗೆ ಕೈ ಜಾರಿತ್ತು ಅನ್ಸುತ್ತೆ. ಅವರು ಬಿಟ್ಟಿದ್ರು ಅಂತ ನಾನೂ ಹಾಗೇ ಬಿಟ್ಟಿದ್ದೆ. ಈ ಸಲ ಮುಚ್ಚಿಬಿಡೋಣವಾ?"

"ಕೈ ಜಾರಿದ್ದಲ್ಲ," ಎಂದಳು ಅವಳು. "ಮುಚ್ಚೋಣ ಅಂತ ನಾನೂ ಅಂದಿದ್ದೆ. ತಾತ ಬಿಡಲಿಲ್ಲ."

"ಯಾಕೆ?"

"'ಆ ಮೇಲಿನ ಮನೆ ಹುಡುಗ ದಿನಾ ಬರ್ತಾನಲ್ಲ. ಆ ಕನ್ನಡಕ ಹಾಕ್ಕೊಂಡು ಬೇಲಿ ಹಾರೋಕೆ ಹೋದ್ರೆ ಮೂಗು ಒಡ್ಕೋತಾನೆ. ಅವನಿಗೊಂದು ದಾರಿ ಇರಲಿ' ಅಂದ್ರು."

ಅವನ ಕನ್ನಡಕದ ಕೆಳಗಿನಿಂದ ಒಂದು ಹನಿ ಜಾರಿ ರಿಮೋಟಿನ ಮೇಲೆ ಬಿತ್ತು.

"ಹಾಗಾದ್ರೆ... ನಾನು ಬರಲಾ?"

ಅವಳು ಆ ಒಂದು ಜಾಗ ಬಿಟ್ಟು, ಮುಂದಿನ ಗೂಟಕ್ಕೆ ಗುಂಡಿ ಒತ್ತಿದಳು.

"ಬಾ. ಆದ್ರೆ ಇನ್ಮೇಲೆ ಬ್ಯಾಟರಿ ಮುಟ್ಟಿದ್ರೆ ಇನ್ನೊಂದು ಹುಬ್ಬೂ ಉಳಿಯಲ್ಲ."

"ನೀನು ಆ ಎರಡು ಗುಂಡಿ ಮುಟ್ಟಬೇಡ, ಜೀರುಂಡೆ."

"ಮುಟ್ಟೋಕೆ ಕೈ ಎಲ್ಲಿ ಖಾಲಿ ಇದೆ?" ಎಂದಳು ಅವಳು. ಅವಳ ಎಡಗೈ ಆಗಲೇ ಅವನ ಬಲಗೈಯಲ್ಲಿತ್ತು.